ಇಪ್ಪತ್ಮೂರನೇ ತಾಟು

“ಯಾವೂರು?” ಆಸ್ಪತ್ರೆಯ ಕಿಟಕಿಯ ಹಿಂದೆ ಕೂತಿದ್ದ ಹುಡುಗಿ ತಲೆಯೆತ್ತದೆ ಕೇಳಿದಳು.

ಭಾಗಮ್ಮನ ಹಿಂದೆ ನಿಂತಿದ್ದ ನಾದಿನಿ ಮೆಲ್ಲಗೆ ಸೆರಗು ಜಗ್ಗಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆಕೆ ಹೇಳಿಕೊಟ್ಟಿದ್ದು ಒಂದೇ ಮಾತು: “ವೈನಿ, ನಿನ್ನ ತವರೂರ ಹೆಸರ ಹೇಳಿಬಿಡು. ಕೂಸಿನ ಸಲುವಾಗಿ ಒಂದ್ ಸುಳ್ಳ ಹೇಳಿದ್ರ ದೇವ್ರೇನ್ ಸಿಟ್ಟಾಗಂಗಿಲ್ಲ.”

ತೊಗರವಾಡಿಯವರಿಗೆ ಇದು ಹೊಸದೇನಲ್ಲ. ಹೆಣ್ಣು ನೋಡಲು ಹೋದಾಗ, ಬಸ್ಸಿನಲ್ಲಿ ಪಕ್ಕದವರು ಕೇಳಿದಾಗ, ತಾಲೂಕಿನ ಹೆಸರು ಹೇಳಿ ಜಾರಿಕೊಳ್ಳುವುದು ಊರಿಗೆಲ್ಲ ರೂಢಿಯಾಗಿತ್ತು. ಭಾಗಮ್ಮ ಮಗಳತ್ತ ನೋಡಿದಳು. ಕಂಕುಳಿಗೆ ಕೋಲು ಕೊಟ್ಟು ನಿಂತಿದ್ದ ಮುಕ್ತಾ ಕೂಡ ಅವಳನ್ನೇ ನೋಡುತ್ತಿದ್ದಳು. ಅವ್ವ ಏನು ಹೇಳುತ್ತಾಳೆ ಎಂದು ಕಾಯುವ ಕಣ್ಣು.

“ತೊಗರವಾಡಿ,” ಎಂದಳು ಭಾಗಮ್ಮ.

ಹುಡುಗಿ ಈಗ ತಲೆಯೆತ್ತಿದಳು. ಪಕ್ಕದ ಸಾಲಿನ ಹೆಂಗಸೊಬ್ಬಳು ತನ್ನ ಕೂಸನ್ನು ಈಚೆಯ ಕಂಕುಳಿನಿಂದ ಆಚೆಗೆ ಬದಲಿಸಿಕೊಂಡಳು.

“ಕೆಂಪು ಪಟ್ಟಿ ಊರದು. ಆಪರೇಷನ್ ಆಗಂಗಿಲ್ರಿ. ಪಟ್ಟಿಯಿಂದ ತೆಗದ ಮ್ಯಾಲ ಬರ್ರಿ.”

“ಕೂಸಿಗೆ ಜ್ಯೇಷ್ಠಕ್ಕ ಹನ್ನೆರಡು ತುಂಬ್ತಾವ. ಅಷ್ಟರಾಗ ಸೊಂಟದ ಕೀಲು ಸರಿ ಮಾಡ್ಲಿಲ್ಲಂದ್ರ ಎಲುಬು ಹಂಗೇ ಗಟ್ಟಿ ಆಗ್ತದಂತ ನಿಮ್ಮ ಡಾಕ್ಟರೇ ಬರದ್ ಕೊಟ್ಟಾರ.”

“ನಾ ಏನ್ ಮಾಡ್ಲಿ ಅಕ್ಕಾ? ನಿಮ್ಮೂರ ನೀರು ಸರಿ ಇಲ್ಲ.”

ಬಸ್ಸು ಹತ್ತಿಸುವಾಗ ಮುಕ್ತಾ ಅವ್ವನ ಕಿವಿಯಲ್ಲಿ ಹೇಳಿದಳು, “ಸುಳ್ಳ ಹೇಳ್ಲಿಲ್ಲಲ್ಲವ್ವಾ ನೀ. ಚಲೋ ಆತು.” ನಿಜ ಹೇಳಿ ಬರಿಗೈಯಲ್ಲಿ ತಿರುಗಿದ್ದಾಯಿತು. ಇನ್ನು ಆ ನಿಜವನ್ನೇ ಬದಲಿಸಬೇಕು, ಅಷ್ಟೆ.

ಊರು ಹೀಗಾಗಿದ್ದು ಒಂದು ದಿನದಲ್ಲಲ್ಲ. ಮೇಲಿನ ದಿಬ್ಬದ ಮೇಲೆ ಔಷಧ ಕಾರ್ಖಾನೆಗಳು. ಅವುಗಳ ಕೊಳೆನೀರೆಲ್ಲ ಒಂದು ಶುದ್ಧೀಕರಣ ಘಟಕಕ್ಕೆ ಬಂದು, ಅಲ್ಲಿಂದ ತಿಳಿಯಾಗಿ, ವಾಸನೆಯಿಲ್ಲದೆ, ತೊಗರವಾಡಿಯ ಹಿತ್ತಲುಗಳ ಹಿಂದಿನ ನಾಲೆಗೆ ಇಳಿಯುತ್ತಿತ್ತು. ಕಣ್ಣಿಗೆ ಚೊಕ್ಕ ನೀರೇ. ಆದರೆ ಅದರಲ್ಲಿ ಆಂಟಿಬಯೋಟಿಕ್ ಔಷಧದ ಕಣಗಳು ಉಳಿದಿರುತ್ತಿದ್ದವು. ರೋಗ ವಾಸಿ ಮಾಡಲು ಸಾಲದಷ್ಟು, ರೋಗಾಣುಗಳಿಗೆ ಪಾಠ ಕಲಿಸಲು ಸಾಕಾಗುವಷ್ಟು. ಹನ್ನೆರಡು ವರ್ಷದಲ್ಲಿ ನಾಲೆಯ ಕೆಸರಿನ ಸೂಕ್ಷ್ಮಾಣುಗಳು ಯಾವ ಮದ್ದಿಗೂ ಬಗ್ಗದಷ್ಟು ಪಳಗಿದವು. ಬಾವಿಗೆ ಇಳಿದವು, ಜನರ ಹೊಟ್ಟೆಯಲ್ಲಿ ಮನೆ ಮಾಡಿದವು. ಇಂಥವರನ್ನು ಕೊಯ್ದು ಹೊಲಿದರೆ ಆ ಗಾಯ ಮಾಯುವುದಿಲ್ಲ, ಪಕ್ಕದ ಹಾಸಿಗೆಯವರಿಗೂ ಹಬ್ಬುತ್ತದೆ ಎಂದು ಸರ್ಕಾರ ಕಾನೂನು ಮಾಡಿತು. ಅಂಥ ಊರುಗಳಿಗೆ ಕೆಂಪು ಪಟ್ಟಿ. ಸತತ ಮೂವತ್ತು ದಿನ ನೀರಿನಲ್ಲಿ ಔಷಧದ ಸುಳಿವೇ ಇಲ್ಲವೆಂದು ತೋರಿಸಿದರೆ ಮಾತ್ರ ಬಿಡುಗಡೆ. ಔಷಧ ನಿಂತರೆ ಪಳಗಿದ ಸೂಕ್ಷ್ಮಾಣುಗಳಿಗೆ ತಮ್ಮ ವಿದ್ಯೆಯೇ ಹೊರೆಯಾಗಿ, ಅವು ಸಾಮಾನ್ಯ ಸೂಕ್ಷ್ಮಾಣುಗಳ ಎದುರು ಸೋಲುತ್ತವೆ ಎಂಬುದು ಆ ಲೆಕ್ಕ.

ಅಂದಿನಿಂದ ತೊಗರವಾಡಿಗೆ ಬಂದ ನೆಂಟರು ಬಾಗಿಲಲ್ಲಿ ಕೊಟ್ಟ ನೀರಿನ ತಂಬಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕೆಳಗಿಡುತ್ತಿದ್ದರು. ಕುಡಿಯುತ್ತಿರಲಿಲ್ಲ. ಭಾಗಮ್ಮನಿಗೆ ಅದಕ್ಕಿಂತ ದೊಡ್ಡ ಬೈಗುಳ ಇನ್ನೊಂದಿರಲಿಲ್ಲ.

ಅವಳ ಕೆಲಸ ಅದೇ ಶುದ್ಧೀಕರಣ ಘಟಕದಲ್ಲಿ. ಕಂಟ್ರೋಲ್ ರೂಮಿನಲ್ಲಿ ಕೂತು ಬೆಳಗ್ಗೆ ನೀರಿನ ಗೇಟು ತೆಗೆಯುವುದು, ಸಂಜೆ ಮುಚ್ಚುವುದು, ದಿನವೂ ಊರಂಚಿನ ನೀರು ತಂದು ಪರೀಕ್ಷೆಗಿಡುವುದು. ಗಾಜಿನ ಬಿಲ್ಲೆಯೊಳಗಿನ ಹೆಪ್ಪಿನ ಮೇಲೆ ಔಷಧದ ಗಾಳಿಗೇ ಸಾಯುವಂಥ ಬಡಪಾಯಿ ಬ್ಯಾಕ್ಟೀರಿಯಾವನ್ನು ಬಿತ್ತಿ, ನಡುವೆ ನಾಲೆಯ ನೀರಿನಲ್ಲಿ ಅದ್ದಿದ ಕಾಗದದ ಚೂರು ಇಡಬೇಕು. ಮರುದಿನಕ್ಕೆ ಬಿಲ್ಲೆ ತುಂಬ ಬಿಳಿ ಪೊರೆ ಹಬ್ಬುತ್ತದೆ. ನೀರಿನಲ್ಲಿ ಔಷಧವಿದ್ದರೆ ಕಾಗದದ ಸುತ್ತ ಮಾತ್ರ ಏನೂ ಬೆಳೆಯದೆ ಬೋಳು ಉಂಗುರ ಉಳಿಯುತ್ತದೆ. ಆ ಉಂಗುರದ ಅಗಲ ಬರೆಯಬೇಕು. ಭಾಗಮ್ಮ ಹನ್ನೆರಡು ವರ್ಷದಿಂದ ಬರೆಯುತ್ತಿದ್ದುದು ಒಂದೇ ಅಂಕಿ: ಹದಿನೆಂಟು ಮಿಲಿಮೀಟರ್.

ಶಿವರಾತ್ರಿ ಮುಗಿದ ವಾರ, ನಾಲೆಯ ನೀರಿನಿಂದ ಔಷಧ ತೆಗೆಯುವ ಸರ್ಕಾರದ ಪ್ರಯೋಗಕ್ಕೆಂದು ರಸಾಯನ ವಿಜ್ಞಾನಿ ವನಮಾಲಾ ಬಂದರು. ಸಣ್ಣ ಆಳು, ದೊಡ್ಡ ಕನ್ನಡಕ. ಬಂದವರೇ ಘಟಕವನ್ನು ನೋಡಲೇ ಇಲ್ಲ, ಊರಿನ ಬಿದರಿ ಕೆಲಸದ ಉಸ್ತಾದ್ ಶಫಿಯುಲ್ಲಾರ ಮನೆ ಹುಡುಕಿಕೊಂಡು ಹೋದರು. ಬಿದರಿ ಎಂದರೆ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೋಟೆಯ ಹಳೆಮಣ್ಣು ನವಸಾಗರ ಕಲಸಿ ತಿಕ್ಕಿ, ಕಾಡಿಗೆಯಂಥ ಕಪ್ಪು ಬರಿಸುವ ವಿದ್ಯೆ.

“ಆ ಕಪ್ಪು ಪೊರೆಯೇ ನನಗೆ ಬೇಕಾಗಿರೋದು,” ಎಂದು ವನಮಾಲಾ ಭಾಗಮ್ಮನಿಗೆ ವಿವರಿಸಿದರು. “ಅದರ ಮೇಲೆ ನೀರು ತೆಳ್ಳಗೆ ಹರೀಬೇಕು, ಬಿಸಿಲು ಬೀಳಬೇಕು. ಆಗ ನೀರಲ್ಲಿರೋ ಆಮ್ಲಜನಕಕ್ಕೆ ಹಲ್ಲು ಬರುತ್ತೆ, ಔಷಧದ ಅಣುವನ್ನ ಕಚ್ಚಿ ತುಂಡು ಮಾಡುತ್ತೆ. ಪೊರೆ ಮಾತ್ರ ಸವೆಯೋದಿಲ್ಲ. ಇದಕ್ಕೆ ವೇಗವರ್ಧಕ ಅಂತಾರೆ.”

“ಒಳಕಲ್ಲಿದ್ಹಂಗ,” ಎಂದಳು ಭಾಗಮ್ಮ. “ಚಟ್ನಿ ಅರೀತದ, ಚಟ್ನ್ಯಾಗ ಕಲ್ಲಿರಂಗಿಲ್ಲ.”

ವನಮಾಲಾ ಕನ್ನಡಕ ತೆಗೆದು ಅವಳನ್ನೇ ನೋಡಿದರು. “ಇದನ್ನ ನಾನು ನನ್ನ ಪುಸ್ತಕದಲ್ಲಿ ಬರ್ಕೊಳ್ಳಲಾ?”

ಉಸ್ತಾದರು ನಲವತ್ತು ತಾಟು ಎರಕ ಹೊಯ್ದರು. ಒಂದೊಂದೂ ಬಾಗಿಲಿನಷ್ಟು ಅಗಲ, ಮೈತುಂಬ ಎಳೆ ಎಳೆಯಾದ ಗೀರು. ನಾಲೆಯನ್ನು ಮೆಟ್ಟಿಲು ಮೆಟ್ಟಿಲು ಮಾಡಿ, ಮನೆ ನಂಬರಿನ ಪ್ರಕಾರ ಮನೆಗೊಂದರಂತೆ ಹಿತ್ತಲ ಹಿಂದೆ ತಾಟು ಕೂರಿಸಿದರು. ಭಾಗಮ್ಮನ ಮನೆಯ ಹಿಂದೆ ಬಂದದ್ದು ಇಪ್ಪತ್ಮೂರನೆಯದು. ಯಾರೂ ತಾಟು ಮುಟ್ಟಕೂಡದು ಎಂದು ಪಟ್ಟಿ ಅಧಿಕಾರಿ ಧರಣೇಂದ್ರ ಹೊರಡಿಸಿದ ಆಜ್ಞೆಯನ್ನು ಮನೆಮನೆಗೆ ಹೋಗಿ ಓದಿ ಹೇಳಿದ್ದೂ ಭಾಗಮ್ಮನೇ.

ಉಂಗುರ ಹದಿನೆಂಟರಿಂದ ಹದಿನಾರೂವರೆಗೆ ಇಳಿಯಿತು. ಅಲ್ಲಿಯೇ ನಿಂತುಬಿಟ್ಟಿತು.

ಒಂದು ವಾರ, ಎರಡು ವಾರ. ರಣರಣ ಬಿಸಿಲು, ತೆಳ್ಳನೆಯ ನೀರು, ಎಲ್ಲ ಇದ್ದೂ ಹದಿನಾರೂವರೆ. ವನಮಾಲಾ ಪ್ರತಿ ತಾಟಿನ ಮೇಲಿನ ನೀರು, ಕೆಳಗಿನ ನೀರು ಬೇರೆ ಬೇರೆ ತೆಗೆದು ಎಂಬತ್ತು ಬಿಲ್ಲೆ ಇಟ್ಟರು. ಮರುದಿನ ಇಬ್ಬರೂ ಬಗ್ಗಿ ಅಳೆದರು. ಇಪ್ಪತ್ತೆರಡು ತಾಟು ದಾಟುವವರೆಗೆ ಹದಿನೆಂಟು. ಇಪ್ಪತ್ಮೂರು ದಾಟಿದ್ದೇ ಹದಿನಾರೂವರೆ. ಅಲ್ಲಿಂದ ಕೊನೆಯವರೆಗೂ ಅದೇ.

“ಮೂವತ್ತೊಂಬತ್ತು ಸತ್ತಿವೆ, ಒಂದೇ ಒಂದು ಬದುಕಿದೆ,” ಎಂದರು ವನಮಾಲಾ. “ಅದ್ಯಾಕೆ ಬದುಕಿದೆ?”

ಉಸ್ತಾದರನ್ನು ಕೇಳಿದರೆ, “ಎಲ್ಲಾ ಒಂದೇ ಮೂಸಿದು. ಒಂದ್ ತಾಯಿ ಮಕ್ಕಳವು. ಒಬ್ಬಾಂವ ದುಡೀತಾನ, ಉಳದವರು ಮಲಗ್ಯಾರಂದ್ರ ನಾ ಏನ್ ಹೇಳ್ಲಿ ಬೇಟಿ?” ಎಂದರು.

ಧರಣೇಂದ್ರ ಅಷ್ಟು ಕಾಯುವವರಲ್ಲ. ಪ್ರಯೋಗ ವಿಫಲ, ಮುಕ್ತಾಯ, ಸೋಮವಾರ ತಾಟು ಕೀಳಲು ಲಾರಿ ಬರುತ್ತದೆ ಎಂದು ಆಜ್ಞೆ ಕಳಿಸಿದರು. ಕೆಳಗೆ ಇನ್ನೊಂದು ಸಾಲಿತ್ತು: ತೊಗರವಾಡಿಯನ್ನು ಶಾಶ್ವತ ಪಟ್ಟಿಗೆ ಸೇರಿಸಲು ಶಿಫಾರಸು ಮಾಡಲಾಗಿದೆ.

ಭಾಗಮ್ಮ ಅದನ್ನು ಮನೆಯಲ್ಲಿ ಓದಿ ಹೇಳಲಿಲ್ಲ. ರೊಟ್ಟಿ ಬಡಿದಳು, ಮುಕ್ತಾಳ ಸೊಂಟಕ್ಕೆ ಬಿಸಿ ಉಪ್ಪಿನ ಗಂಟು ಒತ್ತಿದಳು. “ಅವ್ವಾ, ಶಾಶ್ವತ ಅಂದ್ರ ಎಷ್ಟ್ ವರ್ಷ?” ಎಂದಳು ಮಗಳು. ಊರಿಗೆ ಊರೇ ಅದನ್ನಾಗಲೇ ಮಾತಾಡಿಕೊಂಡಿತ್ತು.

“ಅದು ಬರದಾಂವನ ಮಾತು. ನಮ್ಮ ಮಾತಲ್ಲ. ನೀ ಮಲ್ಕೊ.”

ಮರುದಿನ ಶನಿವಾರ. ಹಿತ್ತಲ ಕಲ್ಲಿನ ಮೇಲೆ ಕೂತು ಭಾಗಮ್ಮ ಪಾತ್ರೆ ತಿಕ್ಕಿದಳು. ತಲೆಯಲ್ಲಿ ಎಂಬತ್ತು ಬಿಲ್ಲೆಗಳು ಸುತ್ತುತ್ತಿದ್ದವು. ಹಂಚು ಮುಗಿಯಿತು, ತಂಬಿಗೆ ಮುಗಿಯಿತು. ಮುಷ್ಟಿಯಲ್ಲಿ ಇನ್ನೂ ಒಂದಿಷ್ಟು ಬೂದಿ, ತೆಂಗಿನ ನಾರು ಉಳಿದಿದ್ದವು. ಕೈ ತಾನಾಗಿ ಚಾಚಿತು, ಕಲ್ಲಿನ ಪಕ್ಕದ ತಾಟನ್ನು ಗಸಗಸ ತಿಕ್ಕಿತು, ಕೊನೆಯ ಬಿಂದಿಗೆ ನೀರು ಸುರಿಯಿತು.

ಸುರಿದ ಮೇಲೆ ಅವಳು ಹಾಗೇ ಕೂತಳು.

ಇವತ್ತೊಂದೇ ದಿನವಲ್ಲ. ನಿನ್ನೆಯೂ, ಮೊನ್ನೆಯೂ, ತಾಟು ಕೂರಿಸಿದ ಮರುದಿನದಿಂದಲೂ. ಕಣ್ಣೆದುರಿಗೆ ಜಿಡ್ಡು ಹಿಡಿದ ಪಾತ್ರೆಯಂಥದು ಬಿದ್ದಿದ್ದರೆ ಅವಳ ಕೈ ಅವಳನ್ನು ಕೇಳುತ್ತಿರಲಿಲ್ಲ. ಮುಟ್ಟಬೇಡಿ ಎಂದು ಮನೆಮನೆಗೆ ಹೇಳಿ ಬಂದವಳು, ಹೇಳಿ ಬಂದ ಕೈಯಿಂದಲೇ ದಿನವೂ ಮುಟ್ಟಿದ್ದಳು.

ಹೇಳಿದರೆ ಕೆಲಸ ಹೋಗಬಹುದು. ಸರ್ಕಾರದ ಪ್ರಯೋಗ ಕೆಡಿಸಿದವಳೆಂದು ಹೆಸರೂ ಬರಬಹುದು. ಭಾಗಮ್ಮ ಕೈ ತೊಳೆಯದೆ, ಬೂದಿಗೈಯಲ್ಲೇ ಘಟಕಕ್ಕೆ ನಡೆದಳು.

“ಮೇಡಂ, ತಪ್ಪಾಗ್ಯಾದ. ಇಪ್ಪತ್ಮೂರು ನಾ ತಿಕ್ಕೀನಿ. ದಿನಾ.”

ವನಮಾಲಾ ಬಯ್ಯುತ್ತಾರೆಂದು ಅವಳು ನಿಂತಿದ್ದಳು. ಅವರೋ ಎದ್ದು, “ಯಾವುದರಲ್ಲಿ?” ಎಂದರು.

“ಒಲಿ ಬೂದಿ. ಒಂದೊಂದ್ ದಿನ ಹುಣಸಿ ಹಣ್ಣಿನ ಸಿಪ್ಪಿ. ಜಿಡ್ಡ ಇತ್ತಲ್ರಿ ಅದಕ್ಕ.”

“ಜಿಡ್ಡು ಎಲ್ಲಿಂದ ಬಂತು? ಅದಕ್ಕೆ ಜಿಡ್ಡು ಇರಬಾರದಲ್ಲ?”

ಇಬ್ಬರೂ ಉಸ್ತಾದರ ಅಂಗಳಕ್ಕೆ ಹೋದರು. ಅಲ್ಲಿ ಹೆಚ್ಚಾಗಿ ಎರೆದ ಒಂದು ತಾಟು ಗೋಡೆಗೆ ಒರಗಿತ್ತು. ಭಾಗಮ್ಮ ಅದರ ಅರ್ಧ ಮೈಯನ್ನು ಬೂದಿಯಿಂದ ತಿಕ್ಕಿ ತೊಳೆದು, ನೆಲಕ್ಕೆ ಮಲಗಿಸಿ, ಮೇಲೆ ನೀರು ಚಿಮುಕಿಸಿದಳು. ತಿಕ್ಕಿದ ಅರ್ಧದಲ್ಲಿ ನೀರು ಹಾಳೆಯಂತೆ ಹರಡಿತು. ತಿಕ್ಕದ ಅರ್ಧದಲ್ಲಿ ಕೆಸುವಿನ ಎಲೆಯ ಮೇಲೆ ನಿಂತಂತೆ ಮುತ್ತು ಮುತ್ತಾಗಿ ನಿಂತು, ಉರುಳಿ ಹೋಯಿತು. ಪೊರೆಯನ್ನು ಮುಟ್ಟಲೇ ಇಲ್ಲ.

“ಚಾಚಾ,” ಎಂದಳು ಭಾಗಮ್ಮ, “ಎಣ್ಣಿ ಹಚ್ಚೀರೇನು?”

ಉಸ್ತಾದರಿಗೆ ಆ ಪ್ರಶ್ನೆಯೇ ಅವಮಾನವೆನಿಸಿತು. “ಹಚ್ಚಲಾರ್ದ ಕೊಡ್ತೀನಾ? ಎಣ್ಣಿ ಕಾಣಲಾರದ ಬಿದರಿ ಕೊಡೋದಂದ್ರ ತಲಿ ಬಾಚಲಾರದ ಮದಲಗಿತ್ತಿನ ಕಳಿಸಿದ್ಹಂಗ. ಶೇಂಗಾ ಎಣ್ಣಿ, ಮೂರ್ ಮೂರ್ ಕೈ!”

“ನನಗೆ ನೀವು ಹೇಳಲೇ ಇಲ್ವಲ್ಲ ಉಸ್ತಾದ್!”

“ನೀವು ಕೆಲಸ ಕೇಳಿದ್ರಿ, ಹೇಳ್ದೆ. ಎಣ್ಣಿ ಕೆಲಸಲ್ಲ ಬೇಟಿ, ಅದು ಮರ್ಯಾದಿ.”

ವನಮಾಲಾ ನೆಲದ ಮೇಲೆಯೇ ಕೂತು ನಗತೊಡಗಿದರು. ನಗುತ್ತ ಕಣ್ಣೊರೆಸಿಕೊಂಡರು. ಆಮೇಲೆ ಲೆಕ್ಕ ಹಾಕಿದರು: ಒಂದು ತಾಟು ಒಂದೂವರೆ ಮಿಲಿಮೀಟರ್ ಇಳಿಸಿದರೆ ನಲವತ್ತು ಎಷ್ಟು ಇಳಿಸಬಹುದು? ಎಣ್ಣೆ ಒಂದು ಸಲಕ್ಕೆ ಹೋಗುತ್ತದೆ. ಆದರೆ ನಾಲೆಯ ಲೋಳೆ ದಿನವೂ ಕೂರುತ್ತದೆ. ಹಾಗಾಗಿ ದಿನವೂ ತಿಕ್ಕಬೇಕು. ಹುಣಸೆಯ ಹುಳಿ ಸುಣ್ಣದ ಕಲೆ ಬಿಡಿಸುತ್ತದೆ, ಬೂದಿ ಜಿಡ್ಡು ಎತ್ತುತ್ತದೆ, ಪೊರೆಗೆ ಗೀರು ಬೀಳುವುದಿಲ್ಲ. “ನನ್ನ ಲ್ಯಾಬಿನಲ್ಲಿ ಇದಕ್ಕಿಂತ ಮೆದುವಾದ ಸಾಬೂನು ಇಲ್ಲ,” ಎಂದರು. ಧರಣೇಂದ್ರರಿಗೆ ಫೋನ್ ಮಾಡಿದರೆ ಉತ್ತರ ಒಂದೇ: ಆಜ್ಞೆ ಹೊರಟಾಗಿದೆ, ಲಾರಿ ಬರುತ್ತದೆ.

ಸೋಮವಾರ ಲಾರಿಯ ಹಿಂದೆ ಜೀಪಿನಲ್ಲಿ ಬಂದ ಧರಣೇಂದ್ರ ನಾಲೆಯ ದಂಡೆಯ ಮೇಲೆ ಕಂಡದ್ದು ನಲವತ್ತು ಹೆಂಗಸರನ್ನು. ಪ್ರತಿ ತಾಟಿನ ಪಕ್ಕ ಒಬ್ಬೊಬ್ಬಳು, ಸೀರೆ ಮೇಲೆ ಸಿಕ್ಕಿಸಿ, ಬೂದಿ ಮುಷ್ಟಿಯಲ್ಲಿ ಹಿಡಿದು ತಿಕ್ಕುತ್ತಿದ್ದಳು. ದಂಡೆಯುದ್ದಕ್ಕೂ ಗಸಗಸ ಸದ್ದು.

“ಏನಿದು? ಉಪಕರಣ ಮುಟ್ಟಬಾರದು ಅಂತ ಆಜ್ಞೆ ಇದೆಯಲ್ಲ, ಭಾಗಮ್ಮನವರೇ? ನೀವೇ ಓದಿ ಹೇಳಿದ್ದೀರಿ!”

“ಹೌದ್ರಿ ಸಾಹೇಬ್ರ. ಆ ಮ್ಯಾಲ ನೀವು ಇನ್ನೊಂದ್ ಆಜ್ಞಾ ಕಳಿಸೀರಿ.” ಭಾಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಕಾಗದ ಬಿಡಿಸಿದಳು. ಶಾಲೆಯಲ್ಲಿ ಪಾಠ ಓದುವಂತೆ ನಿಧಾನವಾಗಿ ಓದಿದಳು: “‘ಈ ದಿನದಿಂದ ಪ್ರಯೋಗ ಮುಕ್ತಾಯ. ಸದರಿ ಫಲಕಗಳು ಇನ್ನು ಇಲಾಖೆಯ ಉಪಕರಣಗಳಲ್ಲ. ಅವುಗಳನ್ನು ತಯಾರಿಸಿದವರಿಗೆ ಮರಳಿಸತಕ್ಕದ್ದು.’ ಸಹಿ ನಿಮ್ದೇ ಅದ. ಚಾಚಾ, ಯಾರವು ತಾಟು?”

“ನಾ ಮಾಡಿದ್ದು. ನಂದು,” ಎಂದರು ಉಸ್ತಾದರು ಬೇವಿನ ನೆರಳಿನಿಂದ. “ನಿನ್ನಿ ಊರ ಹೆಣ್ಮಕ್ಕಳಿಗೆ ಕೊಟ್ಟೀನಿ. ಮನಿಗೊಂದು. ತವರಿನ ಪಾತ್ರಿ ಅಂತ ತಿಳ್ಕೋರಿ.”

“ಕೇಳಿದ್ರಲ್ರಿ? ನಮ್ಮ ಪಾತ್ರಿ ನಾವು ತಿಕ್ಕೊಳ್ಳಾಕ ಯಾರ ಅಪ್ಪಣಿ ಬೇಕು?”

“ಇದು ಹುಡುಗಾಟ ಅಲ್ಲಮ್ಮ. ವಿಜ್ಞಾನ. ಬೂದಿಯಲ್ಲಿ ತಿಕ್ಕಿ ಪಟ್ಟಿಯಿಂದ ಹೊರಗೆ ಬರ್ತೀರಾ?”

“ವಿಜ್ಞಾನದ ಮಾತು ಬಿಲ್ಲಿ ಹೇಳ್ತದ್ರಿ. ನಾ ದಿನಾ ನೀರ ತರ್ತೀನಿ, ಕ್ಯಾಮೆರಾ ಮುಂದ ಇಡ್ತೀನಿ, ಅಂಕಿ ನೇರ ನಿಮ್ಮ ಆಫೀಸಿಗೆ ಬರ್ತದ. ಮೂವತ್ತ್ ದಿನ ಉಂಗುರ ಬೀಳ್ಲಿಲ್ಲಂದ್ರ ತೆಗೀಬೇಕಂತ ನಿಮ್ಮ ಕಾನೂನಿನ್ಯಾಗೇ ಅದ. ಹ್ಯಾಂಗ್ ತೊಳೀಬೇಕಂತ ಅದರಾಗಿಲ್ಲ.”

ಮೂವತ್ತೊಂದನೇ ತಾಟಿನ ಹತ್ತಿರದಿಂದ ಅವಳ ನಾದಿನಿ ಕೂಗಿದಳು, “ಸಾಹೇಬ್ರ, ಬಿಸಿಲಾಗ ನಿಂತೀರಿ, ನೀರ ಕುಡೀತೀರೇನು?”

ದಂಡೆಯ ತುಂಬ ನಗು ಎದ್ದಿತು. ಧರಣೇಂದ್ರರ ಕಿವಿ ಕೆಂಪಾಯಿತು. ಲಾರಿ ಖಾಲಿ ತಿರುಗಿತು.

ಮರುದಿನ ಒಂಬತ್ತು ಮಿಲಿಮೀಟರ್. ಅದರ ಮರುದಿನ ನಾಲ್ಕು. ಆರನೆಯ ದಿನ ಬಿಲ್ಲೆಯ ಮೇಲೆ ಬೋಳು ಉಂಗುರವೇ ಇಲ್ಲ. ಕಾಗದದ ಅಂಚಿನವರೆಗೂ ಬಿಳಿ ಪೊರೆ, ಹಾಲಿನ ಕೆನೆ ಕಟ್ಟಿದ ಹಾಗೆ. ಭಾಗಮ್ಮ ಸೊನ್ನೆ ಬರೆದಳು. ಹನ್ನೆರಡು ವರ್ಷದಲ್ಲಿ ಆ ಸೊನ್ನೆಯನ್ನು ಬರೆದಿರಲಿಲ್ಲವಾದ್ದರಿಂದ ಅದು ಸ್ವಲ್ಪ ಸೊಟ್ಟಗಾಯಿತು.

ಅಲ್ಲಿಂದ ಎಣಿಕೆ ಶುರು. ಮುಕ್ತಾ ಗೋಡೆಯ ಮೇಲೆ ಇದ್ದಿಲಿನಿಂದ ಗೀರು ಹಾಕಿದಳು. ಮೈ ಹುಷಾರಿಲ್ಲದವಳ ತಾಟನ್ನು ನೆರೆಯವಳು ತಿಕ್ಕಿದಳು. ಹಿರಿಯಮ್ಮ ಒಬ್ಬಳು ತೀರಿಕೊಂಡ ದಿನ ಆಕೆಯ ಸೊಸೆ ಕಣ್ಣೀರಿಡುತ್ತಲೇ ಬಂದು ಹನ್ನೆರಡನೆಯದನ್ನು ತಿಕ್ಕಿ ಹೋದಳು.

ಇಪ್ಪತ್ತೆರಡನೆಯ ದಿನ ಅಕಾಲದ ಮೋಡ ಕವಿಯಿತು. ಕಂಟ್ರೋಲ್ ರೂಮಿನಲ್ಲಿ ಬಿಸಿಲಳತೆಯ ಮುಳ್ಳು ಕೆಳಗೆ ಬಿತ್ತು. ಬಿಸಿಲಿಲ್ಲದಿದ್ದರೆ ಆಮ್ಲಜನಕಕ್ಕೆ ಹಲ್ಲಿಲ್ಲ. ಇವತ್ತಿನ ನೀರು ಹೋದರೆ ನಾಳೆ ಉಂಗುರ ಖಂಡಿತ, ಎಣಿಕೆ ಮತ್ತೆ ಒಂದರಿಂದ. ಜ್ಯೇಷ್ಠಕ್ಕೆ ಉಳಿದದ್ದು ಹದಿನೈದೇ ದಿನ. ಭಾಗಮ್ಮ ಗೇಟು ಮುಚ್ಚಿದಳು.

ಮಧ್ಯಾಹ್ನಕ್ಕೆ ಘಟಕದ ಟ್ಯಾಂಕು ಮುಕ್ಕಾಲು ತುಂಬಿತು. ಫೋನ್ ಬಂತು.

“ಗೇಟ್ ತೆಗೀರಿ,” ಎಂದರು ಧರಣೇಂದ್ರ. “ಟ್ಯಾಂಕ್ ತುಂಬಿದರೆ ಕಾರ್ಖಾನೆಗಳು ನೀರು ಬಿಡೋದು ನಿಲ್ಲಿಸಬೇಕಾಗುತ್ತೆ. ಅವರು ನನಗೆ ಫೋನ್ ಮಾಡ್ತಿದ್ದಾರೆ.”

“ನಿಲ್ಲಸ್ಲಿ ಬಿಡ್ರಿ.”

“ಏನಂದ್ರಿ?”

“ನೀರು ಯೋಗ್ಯ ಇಲ್ಲಂತ ಕಂಡ್ರ ಟ್ಯಾಂಕ್ ತುಂಬೋತನಕ ಗೇಟ್ ಹಿಡೀಬಹುದಂತ ಕೆಲಸದ ನಿಯಮದಾಗ ಅದ, ಏಳನೇ ಪುಟ. ನನಗ ಯೋಗ್ಯ ಕಾಣವಲ್ದು. ಅವರು ಒಂದ್ ದಿನ ತಡೀಲಿ ಸಾಹೇಬ್ರ. ನಾವು ಹನ್ನೆರಡು ವರ್ಷ ತಡದೀವಿ.”

ಆ ಕಡೆ ಪುಟ ತಿರುವುವ ಸದ್ದಾಯಿತು. “ಏಳನೇ ಪುಟ,” ಎಂದರು ಧರಣೇಂದ್ರ ಕೊನೆಗೆ. “ಆಯ್ತು. ನಾನು ಅವರಿಗೆ ಹೇಳ್ತೀನಿ.”

ಮರುದಿನ ಹತ್ತು ಗಂಟೆಗೆ ಮೋಡ ಹರಿದು ಬಿಸಿಲು ಚುರುಗುಟ್ಟಿತು. ಟ್ಯಾಂಕು ತುಂಬಿ ತುಳುಕಲು ಒಂದು ಗೇಣು ಬಾಕಿಯಿತ್ತು. ಭಾಗಮ್ಮ ಗೇಟನ್ನು ಬೆರಳಗಲ ಎತ್ತಿದಳು. ನೀರು ನಲವತ್ತು ಕಪ್ಪು ಮೆಟ್ಟಿಲ ಮೇಲೆ ಹಾಳೆಯಾಗಿ ಹರಡಿಕೊಂಡು ಇಳಿಯಿತು.

ಗೋಡೆಯ ಮೇಲೆ ಮೂವತ್ತು ಗೀರು ತುಂಬಿದ ದಿನ ಧರಣೇಂದ್ರ ತಾವೇ ಬಂದು ಬಿಲ್ಲೆ ನೋಡಿದರು. ಕಾಗದಕ್ಕೆ ಸಹಿ ಹಾಕಿದರು. ಊರವರ ಪರೀಕ್ಷೆಗೆ ದಿನ ಗೊತ್ತು ಮಾಡಿ, ಮಕ್ಕಳ ಹೆಸರು ಮೊದಲು ಬರೆದುಕೊಂಡರು. ಏಳುವಾಗ ಬಾಗಿಲಲ್ಲಿ ಭಾಗಮ್ಮ ತಂಬಿಗೆ ಹಿಡಿದು ನಿಂತಿದ್ದಳು. ಅವರು ಅದನ್ನು ಕಣ್ಣಿಗೊತ್ತಿಕೊಳ್ಳಲಿಲ್ಲ. ಕುಡಿದರು.

ಜ್ಯೇಷ್ಠಕ್ಕೆ ನಾಲ್ಕು ದಿನ ಮುಂಚೆ ಆಸ್ಪತ್ರೆಯಲ್ಲಿ ಅದೇ ಕಿಟಕಿ, ಅದೇ ಹುಡುಗಿ, ಅದೇ ಉದ್ದನೆಯ ಸಾಲು. ಮುಕ್ತಾಳ ಪರೀಕ್ಷೆಯಲ್ಲಿ ಪಳಗಿದ ರೋಗಾಣು ಸಿಕ್ಕಿರಲಿಲ್ಲ. ಮನೆಯಲ್ಲಿ ಇವತ್ತು ತಾಟು ತಿಕ್ಕುವ ಪಾಳಿಯನ್ನು ಉಸ್ತಾದರು ತಾವೇ ಕೇಳಿ ಪಡೆದಿದ್ದರು. “ಎಣ್ಣಿ ಹಚ್ಚಬ್ಯಾಡ್ರಿ ಮತ್ತ ಚಾಚಾ,” ಎಂದು ಭಾಗಮ್ಮ ಮೂರು ಸಲ ಹೇಳಿ ಬಂದಿದ್ದಳು.

“ಯಾವೂರು?”

ಭಾಗಮ್ಮ ಬಾಯಿ ತೆರೆಯುವ ಮುಂಚೆ ಹಿಂದಿನಿಂದ ನಾದಿನಿ, ಸಾಲಿನ ಕೊನೆಯವರಿಗೂ ಕೇಳುವ ಹಾಗೆ, “ತೊಗರವಾಡಿ!” ಎಂದಳು.

ಹುಡುಗಿ ಪರದೆ ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ಬರೆಯತೊಡಗಿದಳು. “ಮನಿ ನಂಬರ್?”

ಮುಕ್ತಾ ಕೋಲನ್ನು ಅವ್ವನ ಕೈಗೆ ಕೊಟ್ಟು, ಎರಡೂ ಕೈಯಿಂದ ಕಿಟಕಿಯ ಕಟ್ಟೆ ಹಿಡಿದು ನೆಟ್ಟಗೆ ನಿಂತಳು.

“ಇಪ್ಪತ್ಮೂರು,” ಎಂದಳು. “ಬರ್ಕೋರಿ.”